ದರ್ಗಾ ಹತ್ತಿರ ಕಡಿದುಹೋಗುತ್ತಿದ್ದ ಕರೆ

ಕೊಳಗಲ್ಲಿನ ಮೊಬೈಲ್ ಟವರಿನಲ್ಲಿ ಎರಡು ಕೇಬಲ್ಲುಗಳನ್ನು ಅದಲುಬದಲು ಜೋಡಿಸಿದವನು ನಾನು. ಬೇರೆ ಯಾರೂ ಅಲ್ಲ. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕೇಬಲ್ಲು ತಪ್ಪಾಗುವುದು ಈ ಕೆಲಸದಲ್ಲಿ ಯಾರ ಕೈಯಲ್ಲಾದರೂ ನಡೆಯುವಂಥದ್ದು. ಆಮೇಲೆ ನಾನು ಮಾಡಿದ್ದು ಹೇಸಿಗೆಯ ಕೆಲಸ. ಅದನ್ನು ನನಗೆ ಗೊತ್ತಿರುವ ಕ್ರಮದಲ್ಲೇ ಹೇಳುತ್ತೇನೆ.

ಅದಿರಿನ ಲಾರಿಗಳು ಬಳ್ಳಾರಿಯನ್ನು ಹಗಲೂ ರಾತ್ರಿಯೂ ತುಳಿಯುತ್ತಿದ್ದ ಕಾಲ ಅದು. ನಮ್ಮ ಗುತ್ತಿಗೆ ಕಂಪನಿಯ ಗೋದಾಮು ಅದಿರು ತುಂಬುವ ರೈಲ್ವೆ ಸೈಡಿಂಗಿನ ಪಕ್ಕದಲ್ಲಿತ್ತು. ಅಲ್ಲಿ ಬಿಳಿ ಎಂಬ ಬಣ್ಣವೇ ಇರಲಿಲ್ಲ. ಕುಡಿಯುವ ನೀರಿನ ಕೊಡಕ್ಕೆ ಬಟ್ಟೆ ಕಟ್ಟಿದರೂ ತಳದಲ್ಲಿ ಕೆಂಪು ಕೆಸರು ಕೂಡುತ್ತಿತ್ತು. ಮೂಗು ಒರೆಸಿದರೆ ಕೆಂಪು, ಅನ್ನ ಅಗಿದರೆ ಕರಕರ. ಊರಿಗೆ ಊರೇ ಅದನ್ನು ಐಶ್ವರ್ಯ ಎಂದು ನುಂಗುತ್ತಿತ್ತು. ನಾನೂ ನುಂಗಿದೆ.

ಟವರಿನ ಮೇಲೆ ಮೂರು ದಿಕ್ಕಿಗೆ ಮೂರು ಆಂಟೆನಾ ಮುಖಗಳಿರುತ್ತವೆ. ಕೊಳಗಲ್ಲಿನಲ್ಲಿ ಒಂದನೆಯ ಮುಖ ಬಳ್ಳಾರಿಯ ಕಡೆಗೆ, ಎರಡನೆಯದು ಕುರುಗೋಡಿನ ಕಡೆಗೆ, ಮೂರನೆಯದು ಎರೆಹೊಲಗಳ ಕಡೆಗೆ. ಪ್ರತಿ ಮುಖದಿಂದ ಕೆಳಗಿನ ಕೋಣೆಯ ಯಂತ್ರಕ್ಕೆ ದಪ್ಪ ಕೇಬಲ್ಲು ಇಳಿಯುತ್ತದೆ. ಯಾವುದು ಯಾವ ಮುಖದ್ದು ಎಂದು ತಿಳಿಯಲು ಕೇಬಲ್ಲಿನ ಎರಡೂ ತುದಿಗೆ ಬಣ್ಣದ ಟೇಪು ಸುತ್ತಬೇಕು. ನಮ್ಮ ಗೋದಾಮಿನ ಧೂಳಿನಲ್ಲಿ ಟೇಪು ಅಂಟುತ್ತಿರಲಿಲ್ಲ. ಅದಕ್ಕೆ ನಾವು ಬಳ್ಳಾರಿಯವರು ನಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಜೀನ್ಸ್ ಹೊಲಿಯುವವರ ಹತ್ತಿರ ಚೂರುಬಟ್ಟೆ ತಂದು, ಒಂದನೆಯ ಮುಖದ ಕೇಬಲ್ಲಿಗೆ ಹಳದಿ, ಎರಡನೆಯದಕ್ಕೆ ನೀಲಿ, ಮೂರನೆಯದಕ್ಕೆ ಕೆಂಪು ಚಿಂದಿ ಕಟ್ಟುತ್ತಿದ್ದೆವು. ಕಟ್ಟುವಾಗ ಚೆನ್ನಾಗಿಯೇ ಕಾಣುತ್ತಿದ್ದವು. ಕೇಬಲ್ಲು ಗೋದಾಮಿನಲ್ಲಿ ಕೆಲವು ವಾರ ಬಿದ್ದಿದ್ದರೆ ಹಳದಿಯೂ ಕೆಂಪೂ ಒಂದೇ ಆಗುತ್ತಿದ್ದವು. ಎರಡೂ ಅದಿರಿನ ಬಣ್ಣ.

ಆ ದಿನ ಕೋಣೆಯಲ್ಲಿ ಕೇಬಲ್ಲು ಜೋಡಿಸುವಾಗ ನನ್ನ ಕೈಯಲ್ಲಿ ಅಂಥ ಎರಡು ಚಿಂದಿ ಇದ್ದವು. ನಿಯಮದ ಪ್ರಕಾರ ಒಬ್ಬನನ್ನು ಮೇಲೆ ಹತ್ತಿಸಿ, ಅಲ್ಲಿ ತುದಿ ಬಿಚ್ಚಿಸಿ, ಕೆಳಗೆ ಮೀಟರಿನಲ್ಲಿ ನೋಡಬೇಕು. ಹತ್ತುವವರು ಆಗಲೇ ಇಳಿದು, ಬೆಲ್ಟು ಬಿಚ್ಚಿ, ಬೀಡಿ ಹಚ್ಚಿದ್ದರು. ಇನ್ನೊಮ್ಮೆ ಹತ್ತಿರಿ ಎಂದರೆ ಬೈಯುತ್ತಿದ್ದರು. ನಾನು ಒಂದು ಚಿಂದಿಯನ್ನು ಉಗುರಿನಿಂದ ಕೆರೆದೆ. ಹಳದಿಯಂತೆ ಏನೋ ಕಂಡಿತು. ಯಂತ್ರದಲ್ಲಿ ಒಂದನೆಯ ಮುಖದ ಜಾಗಕ್ಕೆ ಅದನ್ನು, ಮೂರನೆಯದರ ಜಾಗಕ್ಕೆ ಇನ್ನೊಂದನ್ನು ಜೋಡಿಸಿದೆ, ಪರೀಕ್ಷೆ ಮಾಡಿದೆ ಎಂದು ಸಹಿ ಹಾಕಿದೆ.

ನಗರದಲ್ಲಿ ಆಗಷ್ಟೇ ತ್ರೀಜಿ ಬಂದಿತ್ತು. ಊರ ಹೊರಗೆ ಇನ್ನೂ ಹಳೆಯ ಟೂಜಿ. ಮಾತಾಡುತ್ತ ನಗರ ಬಿಟ್ಟು ಹೋಗುವವನ ಕರೆ ಒಂದರಿಂದ ಇನ್ನೊಂದಕ್ಕೆ ದಾಟಬೇಕು, ಅದು ಅವನಿಗೆ ಗೊತ್ತೇ ಆಗಬಾರದು. ಹೊಳೆಯ ನಡುವೆ ಒಂದು ಹರಿಗೋಲಿನಿಂದ ಇನ್ನೊಂದಕ್ಕೆ ಕಾಲಿಟ್ಟ ಹಾಗೆ. ಇದಕ್ಕಾಗಿ ನಗರದ ಕೊನೆಯ ಟವರಿಗೆ ಅದರ ನೆರೆಯವರು ಯಾರೆಂದು ಮೊದಲೇ ಹೇಳಿಕೊಟ್ಟಿರುತ್ತೇವೆ. ಕೊಳಗಲ್ಲಿನ ಒಂದನೆಯ ಮುಖ ನಿನ್ನ ನೆರೆ, ಕರೆಯನ್ನು ಅದಕ್ಕೆ ಒಪ್ಪಿಸು ಎಂದು. ಫೋನು ಹೇಳಿಕೊಟ್ಟ ನೆರೆಯನ್ನು ಮಾತ್ರ ಹುಡುಕುತ್ತದೆ. ನಾನು ಕೇಬಲ್ಲು ಅದಲುಬದಲು ಮಾಡಿದ್ದರಿಂದ ಬಳ್ಳಾರಿಯ ಕಡೆಗೆ ನಿಂತ ಆಂಟೆನಾ ತಾನು ಮೂರನೆಯ ಮುಖ ಎಂದು ಹೇಳಿಕೊಳ್ಳುತ್ತಿತ್ತು. ಫೋನು ಒಂದನೆಯದನ್ನು ಹುಡುಕಿ ಹುಡುಕಿ, ಕಾಣದೆ, ಕರೆಯನ್ನು ಕೈಬಿಡುತ್ತಿತ್ತು. ಊರಲ್ಲಿ ಕೂತು ಮಾತಾಡುವವರಿಗೆ ಏನೂ ತೊಂದರೆಯಿರಲಿಲ್ಲ. ದಾರಿಯಲ್ಲಿ ಮಾತಾಡುತ್ತ ಹೋಗುವವರದು ಮಾತ್ರ ಕಡಿಯುತ್ತಿತ್ತು, ಅದೂ ಪ್ರತಿ ಸಲ ಒಂದೇ ಜಾಗದಲ್ಲಿ. ಕೊಳಗಲ್ಲು ಇನ್ನೂ ಸ್ವಲ್ಪ ದೂರವಿರುವಾಗ, ರಸ್ತೆ ಬದಿಯ ಒಂದು ಸಣ್ಣ ದರ್ಗಾದ ಎದುರು.

ದಾರಿಹೋಕರ ಕರೆ ಕಡಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಬ್ಬ ಗಣಿ ಸಾಹುಕಾರನ ಕರೆ ಕಡಿಯಿತು. ಆತ ದಿನ ಬಿಟ್ಟು ದಿನ ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪದ ತನ್ನ ಅಕ್ಕಿ ಗಿರಣಿಗೆ ಹೋಗುತ್ತಿದ್ದ, ಕಾರಿನಲ್ಲಿ ಕೂತೇ ಅದಿರು ಮಾರುತ್ತಿದ್ದ. ಅವನ ಮ್ಯಾನೇಜರ್ ನಮ್ಮ ಆಫೀಸಿಗೆ ಬಂದು ಮೇಜಿನ ಮೇಲೆ ಕೂತ. ಕುರ್ಚಿಯ ಮೇಲಲ್ಲ, ಮೇಜಿನ ಮೇಲೆ.

"ಏನ್ರೀ, ನಮ್ ಸಾಹುಕಾರ್ರು ಚೀನಾದ ತನಕ ಮಾತಾಡ್ತಾರ. ಆ ದರ್ಗಾ ಬಂತಂದ್ರ ಬಾಯಿ ಬಂದ್! ಅಲ್ಲೇನು ಕರ್ಫ್ಯೂ ಹಾಕೀರೇನು?"

ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ಸಾಹುಕಾರನ ಕಡೆಯವರದು ನೂರಾರು ಕನೆಕ್ಷನ್ನು, ಎಲ್ಲವನ್ನೂ ಬೇರೆ ಕಂಪನಿಗೆ ಒಯ್ಯುತ್ತೇವೆ ಎಂದು ಹೇಳಿ ಎದ್ದು ಹೋದ.

ಅಂದಿನಿಂದ ದಾರಿ ಪರೀಕ್ಷೆ ಶುರುವಾಯಿತು. ಬಾಡಿಗೆ ಜೀಪಿನ ಚಾವಣಿಗೆ ಜಾಗ ತೋರಿಸುವ ಸಣ್ಣ ಬಿಲ್ಲೆ ಅಂಟಿಸಿ, ಒಳಗೆ ಲ್ಯಾಪ್‌ಟಾಪಿಗೆ ಎರಡು ಫೋನು ಸಿಕ್ಕಿಸಿ, ಕರೆ ಹಚ್ಚಿಕೊಂಡೇ ಬಳ್ಳಾರಿಯಿಂದ ಕುರುಗೋಡಿಗೆ, ಅಲ್ಲಿಂದ ಸಿರುಗುಪ್ಪಕ್ಕೆ ಹೋಗಿಬರುವುದು. ಎಲ್ಲಿ ಕಡಿಯಿತು, ಆಗ ಜೀಪು ಎಷ್ಟು ವೇಗದಲ್ಲಿತ್ತು ಎಂಬುದೆಲ್ಲ ದಾಖಲಾಗುತ್ತದೆ. ಜೀಪು ಕೌಲ್ ಬಜಾರಿನ ಒಬ್ಬ ಡ್ರೈವರನದು, ಸ್ವಂತದ್ದು. ನನ್ನ ವಾರಿಗೆಯವನು. ನಾನು ಅವನನ್ನು ಭಾಯ್ ಎನ್ನುತ್ತಿದ್ದೆ, ಅವನು ನನ್ನನ್ನು ಮೇಸ್ತ್ರಿ ಎನ್ನುತ್ತಿದ್ದ. ಟವರಿನ ಕಂಪನಿಗಳೆಲ್ಲ ಅವನನ್ನೇ ಕರೆಯುತ್ತಿದ್ದವು, ಏಕೆಂದರೆ ಅವನು ಹೇಳಿದ ವೇಗ ಬಿಟ್ಟು ಹೆಚ್ಚೂ ಹೋಗುತ್ತಿರಲಿಲ್ಲ, ಕಡಿಮೆಯೂ ಹೋಗುತ್ತಿರಲಿಲ್ಲ. ಮನೆ ನಡೆಯುತ್ತಿದ್ದುದು ಆ ಜೀಪಿನಿಂದ.

ಅವನದು ಒಂದೇ ರೂಢಿ. ಆ ದರ್ಗಾ ಬಂದರೆ ಜೀಪು ನಿಲ್ಲಿಸುವುದು. ಅವರಪ್ಪ ಅದೇ ದಾರಿಯಲ್ಲಿ ಜಟಕಾ ಹೊಡೆಯುತ್ತಿದ್ದಾಗಿನಿಂದ ಬಂದದ್ದಂತೆ. ಅವನೊಬ್ಬನೇ ಅಲ್ಲ, ಆ ದಾರಿಯ ಲಾರಿಯವರು, ಟಂಟಂ ಆಟೋದವರು ಯಾವ ಜಾತಿಯವರಾದರೂ ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು, ಕರೆಂಟು ಜೀಪಿನಿಂದಲೇ ಬರಬೇಕಿತ್ತು. ಅದಕ್ಕೆ ಭಾಯ್ ಎಂಜಿನ್ ಬಂದ್ ಮಾಡುತ್ತಿರಲಿಲ್ಲ. ನ್ಯೂಟ್ರಲ್ಲಿಗೆ ಹಾಕಿ, ಎದೆ ಮುಟ್ಟಿಕೊಂಡು, ತುಟಿ ಅಲುಗಿಸಿ, ಮತ್ತೆ ಗೇರು ಹಾಕುತ್ತಿದ್ದ. ಹಿಂದಿನ ಸೀಟಿನಲ್ಲಿ ಫೋನು ಹಿಡಿದು ಕೂತ ನಾನು ಇದನ್ನು ಪ್ರತಿ ಸಲ ನೋಡುತ್ತಿದ್ದೆ.

ಮೊದಲ ದಿನವೇ ನನಗೆ ಗೊತ್ತಾಯಿತು. ಕರೆ ಕಡಿದ ಮೇಲೆ ಫೋನು ತಾನೇ ಟೂಜಿಗೆ ಹೋಗಿ ನಿಂತಿತು. ಪರದೆಯ ಮೇಲೆ ಕೊಳಗಲ್ಲಿನ ಮೂರನೆಯ ಮುಖದ ಸಂಖ್ಯೆ ಬಂತು. ಬಳ್ಳಾರಿಯ ಕಡೆ ನಿಂತು ನೋಡಿದರೆ ಮೂರನೆಯದು ಕಾಣಬಾರದು. ಉಗುರಿನಿಂದ ಕೆರೆದ ಚಿಂದಿ ಕಣ್ಣ ಮುಂದೆ ಬಂತು. ನಾನು ರೆಕಾರ್ಡಿಂಗ್ ನಿಲ್ಲಿಸಿದೆ. ಕೊಳಗಲ್ಲು ದಾಟಿದ ಮೇಲೆ ಹೊಸದಾಗಿ ಶುರು ಮಾಡಿದೆ. ಆಮೇಲೆ ಪ್ರತಿ ದಿನ ಹಾಗೆಯೇ ಮಾಡಿದೆ. ಕರೆ ಸತ್ತದ್ದು ಮಾತ್ರ ಆಫೀಸಿಗೆ ತಲುಪುತ್ತಿತ್ತು, ಸತ್ತ ಮೇಲೆ ಕಂಡದ್ದು ತಲುಪುತ್ತಿರಲಿಲ್ಲ.

ಹೇಳಿದ್ದರೆ ಏನಾಗುತ್ತಿತ್ತು? ಪರೀಕ್ಷೆ ಮಾಡದೆ ಸಹಿ ಹಾಕಿದವನನ್ನು ತೆಗೆದುಹಾಕುತ್ತಿದ್ದರು. ಎಸ್ಸೆಸ್ಸೆಲ್ಸಿ ಓದಿದ, ತಲೆ ನರೆತ ಸೂಪರ್‌ವೈಸರನಿಗೆ ಬೇರೆ ಕಡೆ ಕೆಲಸ ಸಿಗುತ್ತಿರಲಿಲ್ಲ. ಇದನ್ನು ನಾನು ಬಹಳ ವರ್ಷ ನನಗೇ ಹೇಳಿಕೊಂಡೆ. ಈಗ ಇದೂ ಹೊಲಸು ನಾರುತ್ತದೆ.

ಎಂಜಿನಿಯರ್ ಆಂಧ್ರದ ಕಡೆಯವನು, ಚಿಕ್ಕ ವಯಸ್ಸಿನವನು, ಬಂದು ಹೆಚ್ಚು ದಿನವಾಗಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ನಗರದ ಟವರಿಗೆ ಕೊಟ್ಟ ನೆರೆಯವರ ಸಂಖ್ಯೆಗಳನ್ನು ಮತ್ತೆ ಮತ್ತೆ ತಾಳೆ ನೋಡಿದ. "ಎಲ್ಲಾ ಕರೆಕ್ಟೇ ಮೇಸ್ತ್ರಿಗಾರು. ಮತ್ತೆ ಕಾಲ್ ಯಾಕೆ ಸಾಯ್ತಿದೆ?" ಎಂದು ತಲೆ ಹಿಡಿದುಕೊಂಡ. ಆಮೇಲೆ ಪರದೆಯ ಮೇಲೆ ಬೆರಳಿಟ್ಟ. "ಇಲ್ಲಿ ಜೀಪ್ ಯಾಕೆ ನಿಲ್ತದೆ? ಡೈಲೀ ಇದೇ ಪಾಯಿಂಟ್. ಕಾಲ್ ಕಟ್ ಆಗೋದೂ ಇಲ್ಲೇ."

"ದರ್ಗಾ ಸಾರ್. ನಮಸ್ಕಾರ ಮಾಡಾಕ ನಿಲ್ಲಿಸ್ತಾನ."

"ಎಂಜಿನ್ ಆಫ್ ಮಾಡ್ತಾನಾ?"

ಇಲ್ಲ ಎಂದು ಎರಡು ಅಕ್ಷರ ಹೇಳಿದ್ದರೆ ಸಾಕಿತ್ತು.

"ಮಾಡ್ತಾನ ಅನಿಸ್ತೈತಿ ಸಾರ್," ಎಂದೆ.

ಅನಿಸ್ತೈತಿ. ನೇರವಾಗಿ ಸುಳ್ಳು ಹೇಳುವ ಧೈರ್ಯವೂ ನನಗಿರಲಿಲ್ಲ. ಎಂಜಿನಿಯರನ ಮುಖ ಅರಳಿತು. ಎಂಜಿನ್ ಬಂದ್ ಮಾಡಿ ಮತ್ತೆ ಹಚ್ಚಿದರೆ ಕರೆಂಟು ಜಿಗಿಯುತ್ತದೆ, ಫೋನು ಕರೆ ಬಿಡುತ್ತದೆ ಎಂದು ಅವನೇ ಲೆಕ್ಕ ಹಾಕಿದ. ಸಾಹುಕಾರನ ಕಾರಿನಲ್ಲಿ ಯಾಕೆ ಕಡಿಯುತ್ತದೆ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಪರೀಕ್ಷೆ ಸರಿಬಂದರೆ ಸಾಹುಕಾರನ ಫೋನಿನ ಮೇಲೆ ತಪ್ಪು ಹೊರಿಸಬಹುದಿತ್ತು.

ಮರುದಿನ ಎಂಜಿನಿಯರನೇ ಜೀಪಿನ ಮುಂದಿನ ಸೀಟಿನಲ್ಲಿ ಕೂತ. ಹೊರಡುವ ಮೊದಲು, ಈವತ್ತು ದರ್ಗಾ ಹತ್ತಿರ ನಿಲ್ಲಿಸಬಾರದು ಎಂದ.

"ನಿಂತ್ರ ನಿಮಗೇನು ತ್ರಾಸ ಸಾರ್? ನಾ ಎಂಜಿನ್ ಬಂದ್ ಮಾಡಂಗಿಲ್ಲ."

"ಆಫ್ ಮಾಡ್ತೀಯಂತ ಹೇಳಿದಾರೆ."

"ಯಾರು?"

ಎಂಜಿನಿಯರ್ ಹೊರಡು ಎಂದು ಕೈ ಮಾಡಿದ. ಭಾಯ್ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಮೇಸ್ತ್ರಿ, ನೀವ ಹೇಳ್ರಿ ಸಾರಿಗೆ. ದಿನಾ ಹಿಂದ ಕುಂತಿರ್ತೀರಿ. ನಾ ಎಂದಾರ ಬಂದ್ ಮಾಡೀನೇನು?"

"ನಾ ಫೋನ್ ನೋಡ್ತಿರ್ತೀನಿ ಭಾಯ್. ಮುಂದಿಂದು ನನಗೇನು ಗೊತ್ತು?"

ಅವನು ಗೇರು ಹಾಕಿದ. ದರ್ಗಾ ಬಂತು. ಹೇಳಿದ ವೇಗದಲ್ಲೇ ಅದನ್ನು ದಾಟಿದ. ಸ್ಟಿಯರಿಂಗಿನ ಮೇಲಿನ ಕೈ ಎದೆಯ ಕಡೆ ಎದ್ದು, ಅರ್ಧಕ್ಕೆ ನಿಂತು, ಮತ್ತೆ ಸ್ಟಿಯರಿಂಗಿಗೆ ಹೋಯಿತು. ಕರೆ ಎಂದಿನ ಜಾಗದಲ್ಲೇ ಕಡಿಯಿತು.

ಆಗಲೂ ಬಾಯಿ ಬಿಡಬಹುದಿತ್ತು. ಎಂಜಿನಿಯರ್ ಡ್ಯಾಶ್‌ಬೋರ್ಡ್ ತಟ್ಟಿ, "ಗಾಡಿ ವೈರಿಂಗೇ ಸರಿಯಿಲ್ಲ" ಎಂದ. ನಾನು ತಲೆಯಾಡಿಸಿದೆ.

ಭಾಯ್ ಜೀಪನ್ನು ಎಲೆಕ್ಟ್ರಿಷಿಯನ್ನನ ಹತ್ತಿರ ಒಯ್ದ. ಹೊಸ ಬ್ಯಾಟರಿ ಹಾಕಿಸಿದ, ಡೈನಮೋ ಬಿಚ್ಚಿಸಿದ, ವೈರು ಬದಲಾಯಿಸಿದ, ಎಲ್ಲ ತನ್ನ ಕೈಯಿಂದಲೇ. ಮತ್ತೆ ಹೋದೆವು, ಮತ್ತೆ ಕಡಿಯಿತು. ದರ್ಗಾ ಹತ್ತಿರ ಆ ದಿನವೂ ನಿಲ್ಲಿಸಲಿಲ್ಲ. ಕುರುಗೋಡಿನಲ್ಲಿ ಚಹಾಕ್ಕೆ ಇಳಿದಾಗ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದ.

"ಮೇಸ್ತ್ರಿ, ಟವರ್ ಒಮ್ಮೆ ನೋಡ್ರಿ. ಗಾಡ್ಯಾಗ ಏನಿಲ್ಲ. ಅಲ್ಲಾಹನ ಆಣಿ, ಏನಿಲ್ಲ. ಈ ಕೆಲಸ ಹೋತಂದ್ರ ಸ್ಟ್ಯಾಂಡಿನಾಗ ನನ್ನ ಗಾಡಿಗೆ ಕೆಟ್ಟ ಹೆಸರು ಬರ್ತೈತಿ. ಆಮ್ಯಾಲೆ ಯಾರೂ ಕರೆಯಂಗಿಲ್ಲ."

"ನೋಡ್ತೀನಿ ಭಾಯ್," ಎಂದೆ. ಚಹಾದ ದುಡ್ಡು ಅವನೇ ಕೊಟ್ಟ.

ಕೇಬಲ್ಲು ಸರಿಪಡಿಸುವುದು ಸಣ್ಣ ಕೆಲಸ. ಮೇಲೆ ಹತ್ತಬೇಕಿಲ್ಲ. ಕೆಳಗಿನ ಕೋಣೆಯಲ್ಲಿ ಎರಡು ತುದಿ ಬಿಚ್ಚಿ ಅದಲುಬದಲು ಮಾಡಿದರೆ ಮುಗಿಯಿತು. ಅಷ್ಟು ಹೊತ್ತು ಟವರು ಬಂದ್ ಮಾಡಲು ಮೊಬೈಲ್ ಕಂಪನಿಯ ನಿಯಂತ್ರಣ ಕೇಂದ್ರದಿಂದ ಫೋನಿನಲ್ಲಿ ಅನುಮತಿ ಬೇಕು. ಧೂಳು ಒರೆಸುವ ನೆಪ ಹೇಳಿ ನಾನು ಅನುಮತಿ ಕೇಳಿದೆ. ನಾಳೆ ಬೆಳಿಗ್ಗೆ ಬೇಕಾದರೂ ಮಾಡು, ನಾಡಿದ್ದಾದರೂ ಮಾಡು ಎಂದರು. ನಾಳೆ ಎಂಜಿನಿಯರ್ ಭಾಯ್ ಜೀಪಿಗೆ ಕೊಟ್ಟಿದ್ದ ಕೊನೆಯ ಪರೀಕ್ಷೆಯಿತ್ತು. ನಾಡಿದ್ದು ಬೇರೆ ಜೀಪು ಬರುವುದಿತ್ತು.

ನಾನು ನಾಡಿದ್ದು ಎಂದೆ.

ಯಾಕೆಂದು ಚೆನ್ನಾಗಿ ಗೊತ್ತಿದ್ದೇ ಹೇಳಿದೆ. ನಾಳೆ ಸರಿಮಾಡಿದರೆ, ಅದೇ ಜೀಪಿನಲ್ಲಿ ಕಡಿಯುತ್ತಿದ್ದ ಕರೆ ಮೇಸ್ತ್ರಿ ಟವರಿಗೆ ಹೋಗಿಬಂದ ಮೇಲೆ ಯಾಕೆ ಕಡಿಯಲಿಲ್ಲ ಎಂದು ಯಾರಾದರೂ ಕೇಳುತ್ತಿದ್ದರು. ನಾಡಿದ್ದಾದರೆ ಜೀಪು ಬದಲಾಗಿರುತ್ತದೆ, ಕೇಳುವವರಿರುವುದಿಲ್ಲ. ತಪ್ಪಿನ ಜೊತೆಗೆ ಅದರ ಗುರುತನ್ನೂ ಒರೆಸಿಹಾಕಲು ನನಗೆ ಇನ್ನೊಬ್ಬನ ಗಾಡಿ ಬೇಕಾಗಿತ್ತು.

ಭಾಯ್ ಕೊನೆಯ ಪರೀಕ್ಷೆಯಲ್ಲೂ ಕರೆ ಕಡಿಯಿತು. ಮರುದಿನ ನಸುಕಿನಲ್ಲೇ ನಾನು ಕೊಳಗಲ್ಲಿಗೆ ಹೋಗಿ ಎರಡು ತುದಿ ಬದಲಾಯಿಸಿದೆ. ಚಿಂದಿಗಳನ್ನು ಕಿತ್ತು, ಹೊರಗಿನ ಜಾಲಿಯ ಪೊದೆಗೆ ಎಸೆದೆ. ಆಮೇಲೆ ನಗರಕ್ಕೆ ಬಂದು ಹೊಸ ಜೀಪು ಹತ್ತಿದೆ. ದರ್ಗಾದ ಎದುರು ಕರೆ ತ್ರೀಜಿ ಬಿಟ್ಟು ಟೂಜಿಗೆ ದಾಟಿತು. ಒಂದು ಉಸಿರಿನ ಸದ್ದೂ ತಪ್ಪಲಿಲ್ಲ. ಎಂಜಿನಿಯರ್ ಚಪ್ಪಾಳೆ ತಟ್ಟಿದ. "ನೋಡಿದ್ರಾ? ಜೀಪ್‌ದೇ ಪ್ರಾಬ್ಲಂ!"

ಸಂಜೆ ನಾವು ಮರಳಿದಾಗ ಭಾಯ್ ಆಫೀಸಿನ ಗೇಟಿನ ಹೊರಗೆ ನಿಂತಿದ್ದ.

"ಏನಾತು ಮೇಸ್ತ್ರಿ?"

"ಕಟ್ಟಾಗ್ಲಿಲ್ಲ ಭಾಯ್."

"ಒಮ್ಮೆನೂ?"

"ಇಲ್ಲ."

ಅವನು ಜಗಳ ಮಾಡಲಿಲ್ಲ. ರಸ್ತೆಯ ಆಚೆ ನಿಲ್ಲಿಸಿದ್ದ ತನ್ನ ಜೀಪಿನ ಹತ್ತಿರ ಹೋದ, ಬಾನೆಟ್ ಎತ್ತಿದ, ಒಳಗೆ ನೋಡುತ್ತ ನಿಂತ. ಒಂದು ವೈರು ಹಿಡಿದು ಎಳೆದು ನೋಡಿದ, ಇನ್ನೊಂದನ್ನು ಎಳೆದ. ನಾನು ಕಿಟಕಿಯಿಂದ ನೋಡಿದೆ. ನನ್ನ ತಪ್ಪನ್ನು ಅವನು ತನ್ನ ಗಾಡಿಯಲ್ಲಿ ಹುಡುಕುತ್ತಿದ್ದ.

ಸಾಹುಕಾರ ನಮಗೆಲ್ಲ ರಾರಾವಿಯ ಹತ್ತಿರದ ತನ್ನ ಹೊಲದ ಮನೆಯಲ್ಲಿ ಊಟ ಹಾಕಿಸಿದ. ಹೊಳೆಯ ಮೀನು, ಕುರಿ ಮಾಂಸ, ತಟ್ಟೆ ಖಾಲಿಯಾಗಲು ಬಿಡುತ್ತಿರಲಿಲ್ಲ. ಬಳ್ಳಾರಿಯಿಂದ ಅಲ್ಲಿಯ ತನಕ ಒಂದೇ ಕರೆಯಲ್ಲಿ ಮಾತಾಡುತ್ತ ಬಂದೆ ಎಂದು ಮೀಸೆಯ ಮೇಲೆ ಕೈಯಾಡಿಸಿದ. ತಪ್ಪು ಜೀಪಿನದಾದರೆ ಅವನ ಕಾರಿನ ಕರೆ ಹೇಗೆ ಸರಿಹೋಯಿತು ಎಂದು ಯಾರೂ ಕೇಳಲಿಲ್ಲ. ಮ್ಯಾನೇಜರ್ ನನ್ನ ಬೆನ್ನು ತಟ್ಟಿ, "ಈ ಮೇಸ್ತ್ರಿನ ನೋಡ್ರಿ, ಗಾಡಿ ದೆವ್ವ ಬಿಡಿಸಿದ್ದು" ಎಂದ. ಎಲ್ಲರೂ ನಕ್ಕರು. ನಾನು ನಕ್ಕೆ, ಮತ್ತು ಇನ್ನೊಮ್ಮೆ ಮಾಂಸ ಹಾಕಿಸಿಕೊಂಡೆ. ಊಟ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಇಳಿಯಿತು. ರುಚಿಯಾಗಿಯೇ ಇತ್ತು.

ಭಾಯ್ ಹೆದರಿದ ಹಾಗೆಯೇ ಆಯಿತು. ಟವರಿನ ಕಂಪನಿಗಳು ಒಂದರ ಹಿಂದೆ ಒಂದು ಅವನನ್ನು ಬಿಟ್ಟವು. ಆಮೇಲೆ ಮದುವೆಯವರೂ ಕರೆಯಲಿಲ್ಲ. ಜೀಪು ಮಾರಿ, ಬೇರೆಯವರ ಅದಿರು ಲಾರಿ ಓಡಿಸಿದ. ಗಣಿ ನಿಂತ ಮೇಲೆ ಅದೂ ಹೋಯಿತು. ಇದೆಲ್ಲ ನನಗೆ ಅವರಿವರಿಂದ ತಿಳಿಯುತ್ತಿತ್ತು. ಎದುರಾಗುವ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋಗುತ್ತಿದ್ದೆ.

ಕೆಲಸ ಬಿಟ್ಟು ಬಹಳ ಕಾಲವಾದ ಮೇಲೆ, ಹೋದ ಬೇಸಿಗೆಯಲ್ಲಿ, ಟ್ಯಾಕ್ಸಿ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತ ಕೂತಿದ್ದೆ. ಒಬ್ಬ ಹರೆಯದ ಡ್ರೈವರನ ಕಾರು ಚಾಲೂ ಆಗುತ್ತಿರಲಿಲ್ಲ. ಇನ್ನೊಬ್ಬ ಕೂಗಿದ: "ಲೇ, ನಿನ್ನ ಗಾಡಿ ಭಾಯ್ ಜೀಪು ಆಗೇತಲೇ! ಸಿಗ್ನಲ್ ತಿಂತೈತೇನು ನೋಡು!" ಎಲ್ಲರೂ ನಕ್ಕರು. ಕೂಗಿದವನು ಆ ಜೀಪನ್ನು ನೋಡಿರಲು ಸಾಧ್ಯವಿರಲಿಲ್ಲ. ನಾನು ಹೇಳಿದ "ಅನಿಸ್ತೈತಿ" ಸ್ಟ್ಯಾಂಡಿನಲ್ಲಿ ಗಾದೆಯಾಗಿ ಕೂತಿತ್ತು. ತಟ್ಟೆ ಬಿಟ್ಟು ಎದ್ದು, ಭಾಯ್ ಎಲ್ಲಿದ್ದಾನೆಂದು ಕೇಳುತ್ತ ಕೌಲ್ ಬಜಾರಿಗೆ ಹೋದೆ.

ಭಾಯ್ ಅಳಿಯನ ವೆಲ್ಡಿಂಗ್ ಅಂಗಡಿಯಲ್ಲಿ ಕೂತಿದ್ದ. ಗಡ್ಡವೆಲ್ಲ ಬೆಳ್ಳಗಾಗಿತ್ತು. ಗುರುತು ಹಿಡಿದು, "ಬರ್ರಿ ಮೇಸ್ತ್ರಿ, ಎಷ್ಟ್ ದಿನಕ್ಕ!" ಎಂದು ಸ್ಟೂಲು ಕೊಟ್ಟ. ನಾನು ಕೂಡಲಿಲ್ಲ. ನಿಂತೇ ಎಲ್ಲ ಹೇಳಿದೆ. ಚಿಂದಿ, ಕೇಬಲ್ಲು, ಎಂಜಿನಿಯರನಿಗೆ ಹೇಳಿದ್ದು, ನಾಳೆ ಬಿಟ್ಟು ನಾಡಿದ್ದು ಎಂದದ್ದು. ಕೊನೆಗೆ ಕಾಲು ಮುಟ್ಟಲು ಬಾಗಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

"ನನಗ್ಯಾಕ ಹೇಳ್ತಿ?"

ಮೊದಲ ಸಲ ಅವನು ನನಗೆ ಏಕವಚನದಲ್ಲಿ ಮಾತಾಡಿದ.

"ನಾ ಬಂದ್ ಮಾಡಿಲ್ಲ ಅಂಬೋದು ನನಗ ಅವತ್ತ ಗೊತ್ತಿತ್ತು. ಗೊತ್ತಿಲ್ಲದವ್ರಿಗೆ ಹೇಳು, ನಡಿ."

ಅಳಿಯನ ಸ್ಕೂಟರ್ ಹತ್ತಿದ. ನಾನು ಹಿಂದೆ ಕೂತೆ. ಟ್ಯಾಕ್ಸಿ ಸ್ಟ್ಯಾಂಡಿಗೆ ಬಂದೆವು. ಅಲ್ಲಿ ಸ್ಕೂಟರ್ ನಿಲ್ಲಿಸಿ, "ಈತ ಏನೋ ಹೇಳ್ತಾನಂತ, ಕೇಳ್ರಿ" ಎಂದು ಕೂಗಿ, ತಾನು ಸೀಟಿನ ಮೇಲೆಯೇ ಕೂತ.

ಹತ್ತಾರು ಡ್ರೈವರುಗಳು ಸೇರಿದರು. ನಾನು ಹೇಳಲು ಶುರು ಮಾಡಿದೆ. ತ್ರೀಜಿ, ಟೂಜಿ ಎಂದಾಗ ಹುಡುಗರು ನಕ್ಕರು. "ಜೋರಾಗಿ ಹೇಳ್ರಿ ತಾತ, ಇಲ್ಲಿ ಸಿಗ್ನಲ್ ಇಲ್ಲ" ಎಂದ ಒಬ್ಬ. ಎಂಜಿನ್ ಬಂದ್ ಮಾಡುತ್ತಾನೆ ಎಂದು ನಾನು ಹೇಳಿದೆ, ಅವನು ಒಂದು ದಿನವೂ ಬಂದ್ ಮಾಡಿರಲಿಲ್ಲ ಎಂಬಲ್ಲಿಗೆ ಬಂದಾಗ ನಗು ನಿಂತಿತು. ಜೀಪಿನಲ್ಲಿ ಏನೂ ಇರಲಿಲ್ಲ, ತಪ್ಪು ಟವರಿನಲ್ಲಿತ್ತು, ಮಾಡಿದವನು ನಾನು ಎಂದೆ.

ಗುಂಪಿನ ಹಿಂದೆ ಒಬ್ಬ ಮುದುಕ ಡ್ರೈವರ್ ಇದ್ದ, ಆ ಕಾಲದವನು. ಅವನು ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ಸ್ಕೂಟರಿನ ಹತ್ತಿರ ಹೋದ.

"ಭಾಯ್, ನಿನ್ನ ಜೀಪಿಗೆ ಆ ಹೆಸರು ಇಟ್ಟಾಂವ ನಾನು. ಮಾಫ್ ಮಾಡಪಾ."

ಭಾಯ್ ಅವನ ಕೈ ಹಿಡಿದುಕೊಂಡ, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಕಣ್ಣು ಒರೆಸಿಕೊಂಡು ಸ್ಕೂಟರ್ ತಿರುಗಿಸಿದ. ಹಿಂದಿನ ಸೀಟು ಖಾಲಿಯಿತ್ತು. ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವನು ಆ ಮುದುಕನಿಗೆ, "ಹತ್ತು, ಮನಿಗೆ ಹೋಗಿ ಚಾ ಕುಡಿಯೋಣು" ಎಂದ. ಇಬ್ಬರೂ ಹೋದರು.

ಡ್ರೈವರುಗಳು ತಮ್ಮ ತಮ್ಮ ಗಾಡಿಗಳಿಗೆ ಮರಳಿದರು. ಒಬ್ಬನನ್ನು ನನ್ನ ಮನೆಯ ತನಕ ಬರುತ್ತೀಯಾ ಎಂದು ಕೇಳಿದೆ. ಆತ ಗಾಜು ಏರಿಸಿಕೊಂಡ. ನಾನು ನಡೆದುಕೊಂಡು ಮನೆಗೆ ಬಂದೆ.